ಟೇಪು ಹಚ್ಚಿದ ಐದುನೂರು

ಪ್ರತಿ ಭಾನುವಾರ ಬೆಳಿಗ್ಗೆ ಮಗಳ ಕೈಯಲ್ಲಿ ಐವತ್ತು ರೂಪಾಯಿ ಇಡುತ್ತಿದ್ದೆ. ಅವಳಿಗಾಗ ಹತ್ತು ವರ್ಷ. ನಾನು ಹಾಕಿದ ಕರಾರು ಒಂದೇ: 'ನಿನ್ನ ರೊಕ್ಕ ನಿಂದು. ಏನರ ಮಾಡು, ನಾ ಕೇಳೂದಿಲ್ಲ. ತೀರಿದ್ರ ನೀ ಕೇಳಬ್ಯಾಡ.' ನಾನು ಬೆಟಗೇರಿಯ ಸೀರೆ ಅಂಗಡಿಯವರ ಮನೆಯ ಸೊಸೆ. ಮಕ್ಕಳಿಗೆ ರೊಕ್ಕದ ಬೆಲೆ ಕಲಿಸುವುದು ಹೇಗೆಂದು ಓಣಿಯ ಹೆಂಗಸರಿಗೆಲ್ಲ ಪುಕ್ಕಟೆ ಪಾಠ ಹೇಳುತ್ತಿದ್ದೆ. ಮೊದಲ ವಾರ ಅವಳು ಸೋಮವಾರದೊಳಗೇ ಎಲ್ಲವನ್ನೂ ಚಿಪ್ಸಿಗೆ ಹಾಕಿ ಮುಗಿಸಿ, ಉಳಿದ ದಿನ ಬರಿಗೈಯಲ್ಲಿ ಓಡಾಡಿದಳು. ನಾನು ಮತ್ತೆ ಕೊಡಲಿಲ್ಲ. ಎರಡು ತಿಂಗಳಲ್ಲಿ ಶಟಲ್ ಬ್ಯಾಟಿಗಾಗಿ ಕೂಡಿಡಲು ಕಲಿತಳು.

ಒಮ್ಮೆ ಶಿರಹಟ್ಟಿಯಿಂದ ನನ್ನ ಅಣ್ಣನ ಹೆಂಡತಿ ಬಂದಿದ್ದರು. ಹೊರಡುವಾಗ ಮಗಳ ಮುಷ್ಟಿಯಲ್ಲಿ ಐದುನೂರರ ನೋಟು ತುರುಕಿದರು. ನಮ್ಮ ಕಡೆ ಬೀಗರು ಬಿಜ್ಜರು ಮನೆಯ ಮಕ್ಕಳ ಕೈಯಲ್ಲಿ ಏನಾದರೂ ಇಡದೆ ಎದ್ದು ಹೋಗುವುದಿಲ್ಲ. 'ಬ್ಯಾಡ್ರಿ ವೈನಿ' ಎಂದು ನಾನು, 'ಸುಮ್ನಿರು, ನಿನಗ ಕೊಡಾಕತ್ತಿಲ್ಲ' ಎಂದು ಅವರು. ಆ ಜಗ್ಗಾಟ ಆಟೋ ಬರುವ ತನಕ ನಡೆಯಿತು. ನೋಟಿನ ಹರಿದ ಅಂಚಿಗೆ ಮಗಳು ಟೇಪು ಹಚ್ಚಿ ತನ್ನ ರೊಕ್ಕದ ಡಬ್ಬಿಗೆ ಹಾಕಿದಳು.

ಹದಿನೈದು ದಿನಕ್ಕೆ ನಾವು ಶಿರಹಟ್ಟಿಗೆ ಹೊರಟೆವು. ವೈನಿಯ ಮಗನ ಕೈಯಲ್ಲಿ ನಾನೂ ಅಷ್ಟೇ ಇಡಬೇಕು. ಕಡಿಮೆಯಾದರೆ ಮಾತು ಬರುತ್ತದೆ. ನನ್ನ ರೊಕ್ಕವೆಲ್ಲ ಫೋನಿನಲ್ಲಿ. ಹುಡುಗನ ಮುಷ್ಟಿಗೆ ಫೋನು ತುರುಕಲಾದೀತೇ? ಬಸ್ಸಿಗೆ ಹೊತ್ತಾಗಿತ್ತು. ಮಗಳು ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಅವಳ ಡಬ್ಬಿ ತೆಗೆದು ಆ ನೋಟನ್ನು ಪರ್ಸಿಗೆ ಹಾಕಿಕೊಂಡೆ. ನಾಳೆ ತಿರುಗಿ ಇಟ್ಟರಾಯಿತು ಎಂದುಕೊಂಡೆ.

ಸಂಜೆ ಹೊರಡುವಾಗ ಅಣ್ಣನ ಮಗನಿಗೆ ಅದನ್ನು ಕೊಟ್ಟದ್ದನ್ನು ಮಗಳು ನೋಡಿದಳು. ಟೇಪನ್ನೂ ನೋಡಿದಳು. ಬಸ್ಸು ಊರು ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

'ಅವ್ವಾ, ಅದು ನಂದಿತ್ತು.'

'ನಾಳೆ ಇಡ್ತೀನಿ. ಅಷ್ಟಕ್ಕ ಯಾಕ ಮಾರಿ ಊದಿಸ್ತಿ?' ಎಂದು ಗದರಿದೆ. ತಪ್ಪು ನನ್ನದಾದಾಗಲೇ ನನ್ನ ದನಿ ಜೋರಾಗುವುದು.

ಮರುದಿನ ಎಟಿಎಮ್ಮಿನಿಂದ ತಂದು ಇಟ್ಟೆ. ನಮ್ಮ ಮನೆಯವರು ವಿಷಯ ಕೇಳಿ, 'ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ' ಎಂದು ನಕ್ಕರು. ನಾನೂ ನಕ್ಕು ಮರೆತೆ. ಆದರೆ ಭಾನುವಾರ ಐವತ್ತು ರೂಪಾಯಿ ಕೊಡಲು ಹೋದರೆ ಮಗಳು ತೆಗೆದುಕೊಳ್ಳಲಿಲ್ಲ.

'ನಿನ್ನ ಕಡೆನ ಇರಲಿ ಅವ್ವಾ. ಹೆಂಗೂ ಬೇಕಾದಾಗ ತಗೊಳ್ಳಾಕಿ ನೀ.'

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸಮಾಧಾನದಿಂದ ಹೇಳಿದಳು. ನನಗೆ ನಾಚಿಕೆಯಾಯಿತು, ಅಳುವೂ ಬಂತು.

'ತಪ್ಪಾತವ್ವಾ. ಇನ್ನ ಮ್ಯಾಲ ನಿನ್ನ ಕೇಳಿ ತಗೊಳ್ತೀನಿ.'

'ನಾ ಒಲ್ಲೆ ಅಂದ್ರ?'

ನನ್ನ ಅವ್ವನಿಗೆ ನಾನು ಹೀಗೆ ಕೇಳಿದ್ದರೆ ಕಪಾಳಕ್ಕೆ ಬೀಳುತ್ತಿತ್ತು. ಬಾಯಿಗೆ ಬಂದ ಉತ್ತರಗಳನ್ನೆಲ್ಲ ನುಂಗಿಕೊಂಡೆ.

'ಒಲ್ಲೆ ಅಂದ್ರ ತಗೊಳ್ಳೂದಿಲ್ಲ.'

ಅವಳು ನನ್ನ ಮುಖ ನೋಡಿದಳು. ಆಮೇಲೆ ಐವತ್ತು ರೂಪಾಯಿಗೆ ಕೈ ಚಾಚಿದಳು.