ಸೆಕೆಂಡಿಗೊಂದು ಎಳೆತ

ಬೆಳಗಿನ ಐದೂವರೆ. ನೆಲಮಾಳಿಗೆಯ ಕೋಣೆಯ ಬೀಗ ತೆಗೆದ ಜಗ್ಗಮ್ಮ ತಕ್ಷಣ ದೀಪ ಹಾಕುವುದಿಲ್ಲ. ಹೊಸ್ತಿಲಲ್ಲೇ ನಿಂತು ಕಿವಿಗೊಡುತ್ತಾರೆ. ಮೂಲೆಯ ಬೆಚ್ಚಗಿನ ಪೆಟ್ಟಿಗೆ ಗುಂಯ್ ಎಂದು ಒಂದೇ ಸಮನೆ ಸದ್ದು ಮಾಡುತ್ತಿದ್ದರೆ ಎಲ್ಲ ಸರಿಯಿದೆ ಎಂದರ್ಥ. ಆಮೇಲೆ ದೀಪ. ಆಮೇಲೆ ಮೊಣಕೈವರೆಗೆ ಎರಡು ಸಲ ಕೈ ತೊಳೆಯುವುದು. ಕೈಗವಸು ತೊಟ್ಟು, ಪೆಟ್ಟಿಗೆಯೊಳಗಿನ ಆರು ಬಟ್ಟಲುಗಳನ್ನು ಒಂದೊಂದಾಗಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ.

"ಎದ್ದ ತಕ್ಷಣ ಮಕ್ಕಳ ಹಣೆ ಮುಟ್ಟಿ ನೋಡಲ್ವಾ, ಹಾಗೆ" ಎನ್ನುತ್ತಾರೆ. "ನಮಗೆ ಮಕ್ಕಳಾಗ್ಲಿಲ್ಲ. ಇವಕ್ಕೆ ಹಣೆ ಇಲ್ಲ. ಲೆಕ್ಕ ಸರಿಹೋಯ್ತು."

ಬಟ್ಟಲುಗಳ ತಳ ಗಾಜಿನದಲ್ಲ, ರಬ್ಬರಿನಂತೆ ಹಿಗ್ಗುವ ತೆಳು ಹಾಳೆ. ಅದನ್ನು ಕಚ್ಚಿಕೊಂಡು ಎಲುಬಿನ ಜೀವಕೋಶಗಳು ಕುಳಿತಿವೆ, ಬಟ್ಟಲಿಗೆ ಸುಮಾರು ಎರಡು ಲಕ್ಷ. ಆರು ಗಂಟೆಗೆ ಸರಿಯಾಗಿ ಜಗ್ಗಮ್ಮ ಸ್ವಿಚ್ ಒತ್ತುತ್ತಾರೆ. ಪೆಟ್ಟಿಗೆಯ ಹೊರಗಿರುವ, ಹೊಲಿಗೆ ಯಂತ್ರದಿಂದ ಕಳಚಿ ತಂದ ಹಳೆಯ ಮೋಟರು ತಿರುಗುತ್ತದೆ. ಹಲ್ಲಿನ ಚಕ್ರಗಳು ಅದರ ವೇಗ ತಗ್ಗಿಸುತ್ತವೆ. ಕೊನೆಯಲ್ಲಿ ಮೊಟ್ಟೆಯಾಕಾರದ ಒಂದು ಹಿತ್ತಾಳೆ ಬಿಲ್ಲೆ ಸೆಕೆಂಡಿಗೆ ಒಂದು ಸುತ್ತು ಹಾಕುತ್ತ ಉಕ್ಕಿನ ಸರಳನ್ನು ತಳ್ಳುತ್ತದೆ. ಪೆಟ್ಟಿಗೆಯ ಪಕ್ಕದ ತೂತಿನಿಂದ ಒಳಗೆ ಹೋದ ಸರಳು ಆರೂ ಹಾಳೆಗಳನ್ನು ಹತ್ತರಲ್ಲೊಂದು ಪಾಲು ಹಿಗ್ಗಿಸಿ, ಮತ್ತೆ ಸಡಿಲ ಬಿಡುತ್ತದೆ. ಹಿಗ್ಗು, ಸಡಿಲ. ಹಿಗ್ಗು, ಸಡಿಲ. ನಡೆಯುವವನ ಹೆಜ್ಜೆಯಷ್ಟೇ ನಿಧಾನ.

ಬೆಳಗಿನ ಆರರಿಂದ ಸಂಜೆ ಆರರವರೆಗೆ, ನಡುವೆ ಮೂರು ಸಲ ಹತ್ತು ಹತ್ತು ನಿಮಿಷದ ಬಿಡುವು. ಒಂದು ದಿನಕ್ಕೆ ನಲವತ್ತೊಂದು ಸಾವಿರದ ನಾನೂರು ಎಳೆತ. ಇಪ್ಪತ್ತೆರಡು ವರ್ಷಗಳಿಂದ ಇದನ್ನು ನಡೆಸುತ್ತಿರುವವರು ಜಗ್ಗಮ್ಮ. ಮನೆಯವರು ಇಟ್ಟ ಹೆಸರು ಬೇರೆಯೇ ಇದೆ. ಜಗ್ಗುವ ಯಂತ್ರದ ಅಮ್ಮ ಎಂದು ಯಾವುದೋ ಕಾಲದ ವಿದ್ಯಾರ್ಥಿಗಳು ಕರೆದದ್ದು ಹಾಜರಿ ಪುಸ್ತಕದವರೆಗೂ ಹೋಗಿ ನಿಂತಿದೆ.

ಈ ಸೋಮವಾರ ಅವರು ಎಂದಿಗಿಂತ ಹೆಚ್ಚು ಹೊತ್ತು ಬಿಲ್ಲೆಯನ್ನೇ ನೋಡುತ್ತ ಕುಳಿತಿದ್ದಾರೆ. ಮೂರನೇ ಮಹಡಿಗೆ ಹೊಸ ಯಂತ್ರ ಬಂದು ಎಂಟು ದಿನವಾಯಿತು. ಅದು ಒಂದೇ ಸಲಕ್ಕೆ ಇಪ್ಪತ್ತನಾಲ್ಕು ಬಟ್ಟಲುಗಳನ್ನು ಎಳೆಯುತ್ತದೆ. ಆದರೆ ಎರಡು ಸಲ ಪ್ರಯತ್ನಿಸಿದರೂ, ಎರಡನೇ ದಿನಕ್ಕೇ ಜೀವಕೋಶಗಳು ಹಾಳೆಯಿಂದ ಕಿತ್ತು ಬಂದು ನೀರಿನಲ್ಲಿ ತೇಲುತ್ತಿವೆ. ಗುರುವಾರ ಮೂರನೆಯ ಮತ್ತು ಕೊನೆಯ ಪ್ರಯತ್ನ. ಅದೂ ಕೆಟ್ಟರೆ ಹೊಸ ಯಂತ್ರ ತಂದವರ ಬಳಿಗೇ ವಾಪಸು, ಹಳೆಯದೇ ಮುಂದುವರಿಯುತ್ತದೆ. ಗೆದ್ದರೆ ಹಳೆಯದು ಉಗ್ರಾಣಕ್ಕೆ. ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ 'ಮೇಡಂ', ಹೀಗೆಂದು ತೀರ್ಮಾನಿಸಿದ್ದಾರೆ.

ಹೊಸ ಯಂತ್ರದಲ್ಲಿ ಜೀವಕೋಶಗಳು ಯಾಕೆ ಕಿತ್ತು ಬರುತ್ತಿವೆ ಎಂಬುದು ಆ ಕಟ್ಟಡದಲ್ಲಿ ಒಬ್ಬರಿಗೆ ಮಾತ್ರ ಗೊತ್ತು. ಅವರು ಬಾಯಿ ಬಿಟ್ಟಿಲ್ಲ.

ಹಳೆಯ ಯಂತ್ರವನ್ನು ಕಟ್ಟಿದ್ದು ಜಗ್ಗಮ್ಮನ ಗಂಡ. ಇದೇ ಸಂಸ್ಥೆಯ ಕಾರ್ಯಾಗಾರದಲ್ಲಿ ಮೇಸ್ತ್ರಿಯಾಗಿದ್ದವರು. ಜಗ್ಗಮ್ಮ ಆಗ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕಿದ್ದರು. ಎಲುಬಿನ ಜೀವಕೋಶಗಳನ್ನು ಎಳೆದು ನೋಡಬೇಕು, ಅದಕ್ಕೊಂದು ಯಂತ್ರ ಬೇಕು ಎಂದು, ಆಗಿನ್ನೂ ಚಿಕ್ಕ ವಯಸ್ಸಿನವರಾಗಿದ್ದ ಮೇಡಂ ಕೇಳಿದಾಗ ಮೇಸ್ತ್ರಿ ತಲೆ ಕೆರೆದುಕೊಂಡರಂತೆ. "ಕಾಣದೇ ಇರೋದನ್ನ ಎಳೆದ್ರೆ ಅದಕ್ಕೆ ಹೇಗ್ರೀ ಗೊತ್ತಾಗುತ್ತೆ?"

ಗೊತ್ತಾಗುತ್ತದೆ. ಮೇಡಂ ಈಗಲೂ ಹೊಸ ವಿದ್ಯಾರ್ಥಿಗಳಿಗೆ ಹೇಳುವುದು ಅದನ್ನೇ. ಜೀವಕೋಶಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಆದರೆ ತಾನು ಕುಳಿತ ನೆಲವನ್ನು ಅದು ಸಾವಿರಾರು ಸಣ್ಣ ಹಿಡಿಕೆಗಳಿಂದ ಹಿಡಿದುಕೊಂಡಿರುತ್ತದೆ. ಆ ಹಿಡಿಕೆಗಳಿಂದ ಒಳಗಡೆಗೆ ಹಗ್ಗದಂಥ ಎಳೆಗಳು ಬಿಗಿದಿರುತ್ತವೆ. ನೆಲ ಅಲುಗಿದರೆ ಹಗ್ಗ ಅಲುಗುತ್ತದೆ, ಸುದ್ದಿ ಜೀವಕೋಶದ ನಡುಮನೆ ಮುಟ್ಟುತ್ತದೆ. ಮತ್ತೆ ಮತ್ತೆ ಎಳೆದರೆ ಜೀವಕೋಶ ಸುಮ್ಮನಿರುವುದಿಲ್ಲ. ಎಳೆತಕ್ಕೆ ಅಡ್ಡಲಾಗಿ ತಿರುಗಿ ಮಲಗುತ್ತದೆ, ಹಗ್ಗಗಳನ್ನು ದಪ್ಪ ಮಾಡಿಕೊಳ್ಳುತ್ತದೆ, ಎಲುಬು ಕಟ್ಟುವ ಕೆಲಸಕ್ಕೆ ಇಳಿಯುತ್ತದೆ.

ಮೇಸ್ತ್ರಿ ಮಾಡಿದ ಮೊದಲ ಬಿಲ್ಲೆಯಲ್ಲಿ ಹಾಗಾಗಲಿಲ್ಲ. ಎಲ್ಲ ಕಿತ್ತು ತೇಲಿದವು. ಅವರು ಬಿಲ್ಲೆಯನ್ನು ಅರದಿಂದ ಉಜ್ಜಿ ತಿದ್ದಿದರು. ಮತ್ತೆ ತೇಲಿದವು. ಹನ್ನೊಂದು ಸಲ ತಿದ್ದಿದರು. ಪ್ರತಿ ಸಲವೂ ಎಷ್ಟು ತೇಲಿದವು ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವ ಕೆಲಸ ಜಗ್ಗಮ್ಮನದು. ಕಣ್ಣು ಚುರುಕು ಎಂದು ಮೇಡಂ ಅವರೇ ಕಲಿಸಿದ್ದರು.

"ಕೊನೆಗೊಂದು ದಿನ ನನ್ನ ಬೆರಳು ತಗೊಂಡು ಸರಳಿನ ಮೇಲೆ ಇಟ್ರು. 'ನೋಡೇ, ತುದಿಗೆ ಹೋಗಿ ಕುಕ್ತಾ ಇದೆ. ಹಿಂದಕ್ಕೆ ಬರುವಾಗ್ಲೂ ಕುಕ್ತಾ ಇದೆ. ಕುಕ್ಕಿದ್ರೆ ಯಾರು ತಾನೇ ಹಿಡ್ಕೊಂಡಿರ್ತಾರೆ' ಅಂದ್ರು. ಆಮೇಲೆ ತುದಿ ಹತ್ರ ಬರ್ತಾ ಬರ್ತಾ ನಿಧಾನ ಆಗೋ ಹಾಗೆ ಉಜ್ಜಿದ್ರು. ಹನ್ನೊಂದನೇದು ಕೂತ್ಕೊಳ್ತು. ಅವತ್ತಿಂದ ಅದೇ ಬಿಲ್ಲೆ."

ಬಿಡುವಿನ ಹತ್ತು ನಿಮಿಷದ್ದೂ ಒಂದು ಕಥೆ. ಮೋಟರು ಬಿಸಿಯಾಗುತ್ತದೆ ಎಂದು ಮೇಸ್ತ್ರಿ ಮೂರು ಗಂಟೆಗೊಮ್ಮೆ ನಿಲ್ಲಿಸಲು ಹೇಳಿದ್ದರು. ಜಗ್ಗಮ್ಮ ಆಗ ಚಹಾ ಕುಡಿದು ಬರುತ್ತಿದ್ದರು. ಹೊಸದಾಗಿ ಬಂದ ಸಂಶೋಧಕನೊಬ್ಬ ಇದು ಸೋಮಾರಿತನವೆಂದು ಗೊಣಗಿ, ಮೋಟರಿಗೆ ಫ್ಯಾನ್ ಕಟ್ಟಿ ಎಡೆಬಿಡದೆ ಓಡಿಸಿದ. ಎರಡು ತಿಂಗಳಲ್ಲಿ ಜೀವಕೋಶಗಳ ಕೆಲಸ ಅರ್ಧಕ್ಕೆ ಇಳಿಯಿತು. ನಿಲ್ಲದ ಎಳೆತಕ್ಕೆ ಅವು ಒಗ್ಗಿಹೋಗಿ ಕಿವುಡಾಗಿದ್ದವು. ಮತ್ತೆ ಬಿಡುವು ಕೊಟ್ಟ ಮೇಲೆ ಚೇತರಿಸಿಕೊಂಡವು. "ದಿನವಿಡೀ ಗದರಿಸ್ತಾ ಇದ್ರೆ ಗಂಡನೂ ಕೇಳಿಸ್ಕೊಳ್ಳಲ್ಲ" ಎಂದು ಜಗ್ಗಮ್ಮ ನಗುತ್ತಾರೆ. "ನಡುವೆ ಸುಮ್ನಿರ್ಬೇಕು."

ಮೇಸ್ತ್ರಿ ತೀರಿಕೊಂಡು ಆರು ವರ್ಷ. ಬೆನ್ನುಹುರಿಗೆ ಪೆಟ್ಟು ಬಿದ್ದು ಕಡೆಯ ಎರಡು ವರ್ಷ ಹಾಸಿಗೆಯಲ್ಲೇ ಇದ್ದರು. ಮಲಗಿದ್ದವರ ಎಲುಬು ತೆಳುವಾಗುತ್ತದೆ ಎಂದು ಯಾರೂ ಜಗ್ಗಮ್ಮನಿಗೆ ಹೇಳಿಕೊಡಬೇಕಿರಲಿಲ್ಲ. ಭಾರ ಬೀಳದ ಎಲುಬು ಏನು ಮಾಡುತ್ತದೆಂದು ಅವರು ದಿನವೂ ನೋಡುತ್ತಿದ್ದರು. ಕೆಲಸದಿಂದ ಬಂದವರೇ ಗಂಡನ ಅಂಗಾಲಿಗೆ ತಮ್ಮ ಅಂಗೈ ಒತ್ತುತ್ತಿದ್ದರು. ಒತ್ತು, ಬಿಡು. ಒಂದು ಕಾಲಿಗೆ ಐನೂರು, ಇನ್ನೊಂದಕ್ಕೆ ಐನೂರು.

"ಏನಾದ್ರೂ ಉಪಯೋಗ ಆಯ್ತಾ ಅಂದ್ರೆ, ಗೊತ್ತಿಲ್ಲ. ಅವರು ಎಣಿಸ್ತಾ ಇದ್ರು. ನಾನು ತಪ್ಪಿಸಿದ್ರೆ, 'ನಾನೂರಾ ಹನ್ನೆರಡು ಆಯ್ತಷ್ಟೇ, ಮೋಸ ಮಾಡ್ಬೇಡ' ಅನ್ನೋರು. ಆ ಹೊತ್ತು ಚೆನ್ನಾಗಿತ್ತು."

ಹೊಸ ಯಂತ್ರದ ಮೇಲೆ ಕಣ್ಣಿಟ್ಟು ಕುಳಿತವಳು ಒಬ್ಬ ಸಂಶೋಧನಾ ವಿದ್ಯಾರ್ಥಿನಿ. ಇಪ್ಪತ್ತೇಳು ವರ್ಷ. ಉಗುರು ಕಚ್ಚುವ ಚಾಳಿ. ಹಳೆಯ ಯಂತ್ರದ ಆರು ಬಟ್ಟಲುಗಳಲ್ಲೇ ಅವಳ ಕೆಲಸ ನಡೆಯಬೇಕಾದರೆ ಇನ್ನೂ ಎರಡು ವರ್ಷ ಬೇಕು. ಹೊಸದು ಸರಿಹೋದರೆ ಆರು ತಿಂಗಳು. ಎರಡು ಸಲ ಎಲ್ಲ ತೇಲಿದ ಮೇಲೆ ಅವಳು ಊಟದ ಹೊತ್ತಿಗೆ ನೆಲಮಾಳಿಗೆಗೆ ಇಳಿದು ಬಂದು ಜಗ್ಗಮ್ಮನ ಎದುರು ಕೂರುತ್ತಾಳೆ.

"ಸೆಕೆಂಡಿಗೆ ಒಂದು. ಹತ್ತರಲ್ಲೊಂದು ಪಾಲು. ಹತ್ತು ನಿಮಿಷದ ಬಿಡುವೂ ಹಾಕಿದ್ದೀನಿ. ಎಲ್ಲಾ ನಿಮ್ದರ ಹಾಗೇ ಇದೆ ಜಗ್ಗಮ್ಮ. ನನ್ನ ಕೈಗುಣವೇ ಸರಿ ಇಲ್ವೇನೋ."

"ಕೈಗುಣ ಎಂಥದ್ದು. ಊಟ ಮಾಡು."

"ನೀವು ಒಂದ್ಸಲ ಮೇಲೆ ಬಂದು ನೋಡಿದ್ರಲ್ಲ. ಏನೂ ಅನ್ನಿಸ್ಲಿಲ್ವಾ?"

"ನನಗೇನು ಗೊತ್ತು ಮಗಳೇ ಕಂಪ್ಯೂಟರ್ ಯಂತ್ರ."

ಅನ್ನಿಸಿತ್ತು. ಮೊದಲ ದಿನವೇ, ಯಂತ್ರ ಬಟ್ಟಲುಗಳಿಲ್ಲದೆ ಖಾಲಿ ಓಡುತ್ತಿದ್ದಾಗ, ಜಗ್ಗಮ್ಮ ಹಾಳೆಗಳನ್ನು ಎಳೆಯುವ ಅದರ ಹಿಡಿಯ ಮೇಲೆ ಎರಡು ಬೆರಳಿಟ್ಟಿದ್ದರು. ತುದಿಗೆ ಹೋಗಿ ಕುಕ್ಕುತ್ತಿತ್ತು. ಹಿಂದಕ್ಕೆ ಬರುವಾಗಲೂ ಕುಕ್ಕುತ್ತಿತ್ತು. ಬೆರಳು ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಕೆಳಗಿಳಿದು ಬಂದಿದ್ದರು.

ಮನೆಯಲ್ಲಿ ಅವರ ಜೊತೆಗಿರುವವಳು ತಂಗಿ. ಬಟ್ಟೆ ಹೊಲಿಯುತ್ತಾಳೆ, ನಾಲಿಗೆಯೂ ಕತ್ತರಿಯಷ್ಟೇ ಹರಿತ. ಮಂಗಳವಾರ ಸಂಜೆ ಜಗ್ಗಮ್ಮ ತಟ್ಟೆಯ ಮುಂದೆ ಕುಳಿತು ತುತ್ತು ಎತ್ತದಿದ್ದಾಗ ತಂಗಿ ಕೇಳುತ್ತಾಳೆ.

"ಏನಕ್ಕ, ಒಂದು ವಾರದಿಂದ ಮುಖ ಊದಿಸ್ಕೊಂಡಿದ್ದೀಯ. ಆ ಡಬ್ಬ ಯಂತ್ರಕ್ಕೆ ಜ್ವರ ಬಂತಾ?"

ಜಗ್ಗಮ್ಮ ಎಲ್ಲವನ್ನೂ ಹೇಳುತ್ತಾರೆ. ತಂಗಿ ಹಲ್ಲಿನಿಂದ ದಾರ ಕಡಿದು, ಸೂಜಿಯನ್ನು ರವಿಕೆಗೆ ಚುಚ್ಚಿಕೊಳ್ಳುತ್ತಾಳೆ.

"ಬಾವ ಆಗಿದ್ರೆ ಏನ್ ಮಾಡ್ತಿದ್ರು?"

"ಅವರಾ? ಮೊದಲ್ನೇ ದಿನವೇ ಬಾಯಿ ಬಿಟ್ಟಿರೋರು. ಗುಟ್ಟು ಅನ್ನೋದು ಅವರ ಹೊಟ್ಟೇಲಿ ನಿಲ್ತಿರ್ಲಿಲ್ಲ."

"ಹಂಗಾದ್ರೆ ನೀನು ಯಾರಿಗೋಸ್ಕರ ಮುಚ್ಚಿಟ್ಕೊಂಡಿದ್ದೀಯ?"

ಆಗ ಜಗ್ಗಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಆ ಪ್ರಶ್ನೆಗೆ ಉತ್ತರ ಈಗ, ಇಷ್ಟು ದಿನದ ಮೇಲೆ, ಕೊಡುತ್ತಾರೆ. "ನನಗೋಸ್ಕರನೇ. ಬೆಳಿಗ್ಗೆ ಸ್ವಿಚ್ ಹಾಕಿದ್ರೆ ಅವರ ಕೈ ಓಡಾಡಿದ ಹಾಗೆ ಇರ್ತಿತ್ತು. ಅದೊಂದು ಉಳೀಲಿ ಅಂತ. ತಪ್ಪು ಅಂತ ಗೊತ್ತಿತ್ತು."

ಬುಧವಾರ ಬೆಳಿಗ್ಗೆ ಹುಡುಗಿಯನ್ನು ಮೂರನೇ ಮಹಡಿಯಲ್ಲೇ ಹಿಡಿದು ಜಗ್ಗಮ್ಮ ಅವಳ ಬೆರಳುಗಳನ್ನು ಹೊಸ ಯಂತ್ರದ ಹಿಡಿಯ ಮೇಲೆ ಇಡುತ್ತಾರೆ. ಬಳಿಕ ಕೆಳಗೆ ಕರೆತಂದು ಹಳೆಯದರ ಸರಳಿನ ಮೇಲೆ ಇಡುತ್ತಾರೆ. ಹುಡುಗಿ ಕಣ್ಣು ಮುಚ್ಚಿ ಇಪ್ಪತ್ತು ಮೂವತ್ತು ಎಳೆತ ಎಣಿಸುತ್ತಾಳೆ.

"ಇದು ತುದಿಯಲ್ಲಿ ಉಸಿರು ತಗೊಳ್ಳುತ್ತೆ" ಎನ್ನುತ್ತಾಳೆ.

"ಹೂಂ."

"ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲ್ನೇ ದಿನ."

"ಹತ್ತು ದಿನದಿಂದ ಗೊತ್ತಿದ್ದೂ ಸುಮ್ನಿದ್ರಾ? ನಲವತ್ತೆಂಟು ಬಟ್ಟಲು ಚೆಲ್ಲಿದ್ದೀನಿ ನಾನು. ಮನೆಗೆ ಹೋಗಿ ಅತ್ತಿದ್ದೀನಿ."

"ಬೈಯಿ. ಬೈಸ್ಕೊಳ್ಳೋಕೇ ಬಂದಿದ್ದೀನಿ."

ಹುಡುಗಿ ಬೈಯುವುದಿಲ್ಲ. ಆದರೆ ಆ ದಿನವಿಡೀ ಮಾತೂ ಆಡುವುದಿಲ್ಲ. ಸಂಜೆ ಆರಕ್ಕೆ ಹಳೆಯ ಯಂತ್ರ ನಿಂತ ಮೇಲೆ ಕಾಗದ, ಪೆನ್ಸಿಲು, ಕೋನಮಾಪಕ ಹಿಡಿದು ನೆಲಮಾಳಿಗೆಗೆ ಬರುತ್ತಾಳೆ. ಜಗ್ಗಮ್ಮ ತಿರುಪು ಸಡಿಲಿಸಿ ಬಿಲ್ಲೆಯನ್ನು ಬಿಚ್ಚಿ ಕೊಡುತ್ತಾರೆ. ಇಪ್ಪತ್ತೆರಡು ವರ್ಷಗಳಲ್ಲಿ ಅದು ಮೊದಲ ಸಲ ಜಾಗ ಬಿಟ್ಟಿದೆ. ಅಂಚಿನಲ್ಲಿ ಅರದ ಗೆರೆಗಳು ಇನ್ನೂ ಬೆರಳಿಗೆ ಸಿಗುತ್ತವೆ. ಕಾಗದದ ಮೇಲೆ ಇಟ್ಟು ಸುತ್ತ ಗೆರೆ ಎಳೆದು, ಹತ್ತು ಹತ್ತು ಡಿಗ್ರಿಗೆ ಒಂದರಂತೆ ಮೂವತ್ತಾರು ಅಳತೆ ತೆಗೆಯುತ್ತಾರೆ. ಹುಡುಗಿ ಹೇಳುತ್ತಾಳೆ, ಜಗ್ಗಮ್ಮ ಬರೆದುಕೊಳ್ಳುತ್ತಾರೆ. ಇಪ್ಪತ್ತೊಂಬತ್ತನೆಯದರಲ್ಲಿ ಹುಡುಗಿ ತಡವರಿಸುತ್ತಾಳೆ.

"ಇಲ್ಲೊಂಚೂರು ತಗ್ಗಿದೆ. ಕೈತಪ್ಪಿರ್ಬೇಕು. ಸರಿ ಮಾಡಿ ಹೇಳ್ಲಾ?"

"ಹಾಗೇ ಇರ್ಲಿ. ಅದೇ ತಗ್ಗಲ್ಲೇ ಇಷ್ಟು ವರ್ಷ ಕೂತಿವೆ."

ಗುರುವಾರ ಆ ಮೂವತ್ತಾರು ಅಳತೆಗಳು ಕಂಪ್ಯೂಟರಿಗೆ ಹೋಗುತ್ತವೆ. ಶುಕ್ರವಾರ ಒಂದೂ ತೇಲಿಲ್ಲ. ಶನಿವಾರ ಸಂಜೆ ಸೂಕ್ಷ್ಮದರ್ಶಕದಲ್ಲಿ ಇಣುಕಿದವರು ಮೊದಲು ಹುಡುಗಿ, ಬಳಿಕ ಮೇಡಂ, ಕೊನೆಯಲ್ಲಿ ಜಗ್ಗಮ್ಮ. ಇಪ್ಪತ್ತನಾಲ್ಕು ಬಟ್ಟಲುಗಳಲ್ಲೂ ಜೀವಕೋಶಗಳು ಎಳೆತಕ್ಕೆ ಅಡ್ಡಲಾಗಿ, ಬಾಚಿದ ಕೂದಲಿನಂತೆ ಒಂದೇ ದಿಕ್ಕಿಗೆ ಮಲಗಿವೆ.

"ಮೇಸ್ತ್ರಿ ಇದನ್ನ ಅಳತೆ ಇಲ್ದೆ ಮಾಡಿದ್ರು" ಎಂದರು ಮೇಡಂ. "ನಾನು ಆಗ್ಲೇ ಬರೆದಿಟ್ಕೋಬೇಕಿತ್ತು. ತೋಚ್ಲಿಲ್ಲ ನೋಡಿ."

"ಅವರಿಗೂ ತೋಚ್ಲಿಲ್ಲ ಮೇಡಂ."

ಹಳೆಯ ಯಂತ್ರ ಸೋಮವಾರ ಮಧ್ಯಾಹ್ನ ಕೈಗಾಡಿಯಲ್ಲಿ ಉಗ್ರಾಣಕ್ಕೆ ಹೋಯಿತು. ಬಿಲ್ಲೆಯನ್ನು ಮನೆಗೆ ಒಯ್ಯಿರಿ ಎಂದು ಮೇಡಂ ಹೇಳಿದರೂ ಜಗ್ಗಮ್ಮ ಒಪ್ಪಲಿಲ್ಲ. ಅದಿಲ್ಲದೆ ಯಂತ್ರ ಬರೀ ಕಬ್ಬಿಣ ಎನ್ನುವುದು ಅವರ ವಾದ. ಹೊಸ ಯಂತ್ರದ ಪರದೆಯಲ್ಲಿ ಎಳೆತದ ಬಗೆಗಳ ಪಟ್ಟಿಯಿದೆ. ಮೇಸ್ತ್ರಿಯ ಎಳೆತಕ್ಕೆ ಅದರಲ್ಲಿ ಹುಡುಗಿ ಕೊಟ್ಟ ಹೆಸರು 'ಹಳೆಯದು'. ದಿನವೂ ಅದನ್ನೇ ಆರಿಸಿ ಒತ್ತುತ್ತಾಳೆ. ಈಗ ಜಗ್ಗಮ್ಮನೊಂದಿಗೆ ಮಾತಾಡುತ್ತಾಳೆ, ಜಗಳವನ್ನೂ ಆಡುತ್ತಾಳೆ.

ಜಗ್ಗಮ್ಮನಿಗೆ ಕೆಲಸದಲ್ಲಿ ಇನ್ನು ನಾಲ್ಕು ವರ್ಷ ಬಾಕಿ. ಬಟ್ಟಲು ಸಜ್ಜುಗೊಳಿಸುವುದು, ಜೀವಕೋಶಗಳಿಗೆ ಊಟದ ನೀರು ಬದಲಿಸುವುದು ಈಗಲೂ ಅವರದೇ. ಯಂತ್ರ ಮಾತ್ರ ತಾನೇ ಶುರುವಾಗುತ್ತದೆ, ತಾನೇ ನಿಲ್ಲುತ್ತದೆ. ಯಾರೂ ಕಾಯಬೇಕಿಲ್ಲ. ಮೂರನೇ ಮಹಡಿಯ ಅದರ ಗಾಜಿನ ಕೋಣೆಯಲ್ಲಿ ಕಾಯುವವರು ಕೂರಲೆಂದು ಏನನ್ನೂ ಇಟ್ಟಿಲ್ಲ. ಆದರೂ ಅವರು ಮೊದಲ ಬಸ್ಸಿಗೇ ಬರುತ್ತಾರೆ. ಆರು ಗಂಟೆಗೆ ಹಿಡಿಯ ಮೇಲೆ ಎರಡು ಬೆರಳಿಟ್ಟು ನಿಂತಿರುತ್ತಾರೆ.

ಸಂಸ್ಥೆಯವರಿಂದ ಏನಾದರೂ ಬೇಕೇ ಎಂದು ಕೇಳಿದರೆ ಸ್ವಲ್ಪ ಯೋಚಿಸುತ್ತಾರೆ.

"ಒಂದು ಕುರ್ಚಿ ಹಾಕ್ಸಿದ್ರೆ ಸಾಕು. ನಿಂತ್ಕೊಂಡು ಮುಟ್ಟಿದ್ರೆ ಸರಿಯಾಗಿ ತಿಳಿಯಲ್ಲ."