ಬಸ್ಸು ಎರಡು ಸಲ ಹಾದುಹೋಗುತ್ತಿದ್ದ ಊರು

ಇವತ್ತು ಬೆಳಿಗ್ಗೆ ಶುಂಠಿ ಜಜ್ಜಿ ಹಾಕಿ ಟೀ ಮಾಡಿ, ಹೆಂಡತಿ ಕೂತಿದ್ದಲ್ಲಿಗೇ ತೆಗೆದುಕೊಂಡು ಹೋಗಿ ಕೊಟ್ಟೆ. ಅವಳು ಲೋಟ ಮುಟ್ಟಲಿಲ್ಲ. ನನ್ನ ಮುಖ ನೋಡಿ, "ಏನ್ರೀ, ಏನ್ ಒಡೆದುಹಾಕಿದ್ರಿ?" ಎಂದಳು. ಆ ಶುಂಠಿಯ ವಾಸನೆಯೂ ಆ ಅನುಮಾನವೂ ಸೇರಿ ನನಗೆ ನರಸಾಪುರದ ಕಾರ್ಖಾನೆಯ ಒಂದು ಸೋಮವಾರ ನೆನಪಾಯಿತು. ಅವತ್ತೂ ನಾನು ಕೊಟ್ಟ ಟೀಯನ್ನು ಯಾರೂ ಮುಟ್ಟಿರಲಿಲ್ಲ.

ನನ್ನ ಗುಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವನು. ಇಂದಿಗೂ ನಾಲ್ಕೂವರೆಯ ಅಲಾರಂ ಬಡಿಯುವ ಮೊದಲೇ ಎದ್ದು ಅದರ ಬಾಯಿ ಮುಚ್ಚುತ್ತೇನೆ. ಇಂಥವನ ಕೈಗೆ ಕಾರ್ಖಾನೆಯ ಗೇಟು, ಕ್ಯಾಂಟೀನು, ಕಂಪನಿ ಬಸ್ಸುಗಳನ್ನು ಒಪ್ಪಿಸಿದ್ದರು. ಏಳು ಗಂಟೆಯ ಶಿಫ್ಟಿಗೆ ಏಳು ದಾಟಿ ಒಂದು ನಿಮಿಷಕ್ಕೆ ಬಂದರೂ ಲೇಟು. ತಿಂಗಳಿಗೆ ಮೂರು ಲೇಟಾದರೆ ಕೆಲಸದಿಂದ ತೆಗೆಯುವ ಕಾಗದ. ಆ ನಿಯಮವನ್ನು ಬರೆದವನು ನಾನೇ. ಸ್ಕೇಲಿಟ್ಟು ಗೆರೆ ಎಳೆದು ಸೂಚನಾ ಫಲಕಕ್ಕೆ ಅಂಟಿಸಿದ ದಿನ ಅದು ಬಹಳ ಚೆನ್ನಾಗಿ ಕಂಡಿತ್ತು.

ಒಮ್ಮೆ ನನ್ನನ್ನು ಎರಡು ದಿನದ ತರಬೇತಿಗೆ ಕಳಿಸಿದರು. ಮೇಲಿರುವವನು ಕೆಳಗಿನವರ ಸೇವಕನಾಗಿರಬೇಕು ಎಂಬುದು ಅಲ್ಲಿನ ಪಾಠ. ಮಾತು ನನಗೆ ನಿಜವಾಗಿಯೂ ಹಿಡಿಸಿತು. ವಾಪಸಾದವನೇ ಡೈರಿಯಲ್ಲಿ ಬರೆದೆ: ಸೋಮವಾರ, ಹತ್ತರಿಂದ ಹತ್ತು ಹತ್ತರವರೆಗೆ, ಸೇವೆ. ನೀವು ನಗಬಹುದು. ಹತ್ತು ನಿಮಿಷದಲ್ಲಿ ಸೇವೆ ಮುಗಿಯದಿದ್ದರೆ ಏನು ಮಾಡುವುದೆಂದು ಆಗ ನನಗೆ ನಿಜವಾದ ಚಿಂತೆಯಿತ್ತು.

ಸರಿ, ಸೋಮವಾರ ಹತ್ತಕ್ಕೆ ಪ್ಯಾಕಿಂಗ್ ವಿಭಾಗಕ್ಕೆ ನಾನೇ ಶುಂಠಿ ಟೀಯ ತಟ್ಟೆ ಹಿಡಿದು ಹೋದೆ. ಇಪ್ಪತ್ತು ಜನ ಹೆಣ್ಣುಮಕ್ಕಳು ಕೆಲಸ ನಿಲ್ಲಿಸಿ ಎದ್ದು ನಿಂತರು. ತಮ್ಮೊಳಗೆ ತೆಲುಗಿನಲ್ಲಿ ಪಿಸುಗುಟ್ಟಿದರು. ಒಬ್ಬಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕೊನೆಗೆ ಸುಗಟೂರಿನ ರತ್ನಮ್ಮ ಮುಂದೆ ಬಂದಳು.

"ಸಾರ್, ಯಾರ್ಯಾರ್ನ ತೆಗೀತೀರ ಅಂತ ಹೇಳ್ಬಿಡಿ. ಟೀ ಆಮೇಲೆ ಕುಡೀತೀವಿ."

"ಯಾರನ್ನೂ ತೆಗೆಯಲ್ಲಮ್ಮ. ಸುಮ್ಮನೆ ತಂದೆ."

"ನೀವು ಸುಮ್ಮನೆ ಏನನ್ನಾದ್ರೂ ಮಾಡಿದ್ದು ನಾವು ನೋಡಿಲ್ಲ ಸಾರ್," ಎಂದಳು. ಹಿಂದೆ ಯಾರೋ ಕಿಸಕ್ಕೆಂದರು. "ತೆಗೆದ್ರೆ ಮೊದ್ಲು ನಾನೇ ಅಲ್ವಾ? ಮೂರನೇ ಲೇಟು ನಂದು."

ಹೌದು. ಅವಳ ಕಾಗದ ಟೈಪಾಗಿ ನನ್ನ ಮೇಜಿನ ಮೇಲೆ ಸಹಿಗಾಗಿ ಕಾದಿತ್ತು. ಅಂಥ ಕಾಗದ ಮೇಜಿನ ಮೇಲಿಟ್ಟುಕೊಂಡು ಅವಳಿಗೇ ಟೀ ಕೊಡಲು ಬಂದಿದ್ದೆ. ತಟ್ಟೆ ಕೆಳಗಿಟ್ಟು, ಅಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆ ಕೇಳಿದೆ: ಯಾಕೆ ಲೇಟಾಗುತ್ತೆ?

ಅವಳ ಮನೆಯಲ್ಲಿ ಎರಡು ಹಸು. ಊರಿನ ಹಾಲಿನ ಡೇರಿ ಬಾಗಿಲು ತೆರೆಯುವುದು ಐದೂವರೆಗೆ. ಕಂಪನಿ ಬಸ್ಸು ಬರುವುದು ಐದು ಇಪ್ಪತ್ತಕ್ಕೆ. ಅತ್ತೆಗೆ ಮಂಡಿ ನೋವು, ನಡೆಯಲಾರರು. ದಿನವೂ ಪಕ್ಕದ ಮನೆಯವರು ಇವಳ ಹಾಲು ಹಾಕಿಕೊಡುತ್ತಿದ್ದರು. ಅವರು ಊರಲ್ಲಿಲ್ಲದ ದಿನ ಇವಳೇ ಹಾಲು ಹಾಕಿ, ಸರ್ಕಾರಿ ಬಸ್ಸು ಹಿಡಿದು, ಕೋಲಾರದಲ್ಲಿ ಇನ್ನೊಂದು ಬಸ್ಸು ಹತ್ತಿ ಬರಬೇಕು.

"ನಾಳೇನೂ ಅವ್ರು ಊರಲ್ಲಿಲ್ಲ," ಎಂದಳು. ಬೇಡಿಕೊಳ್ಳುವ ದನಿಯಲ್ಲ. ಹವಾಮಾನ ಹೇಳಿದಂತೆ ಹೇಳಿದಳು.

ಮರುದಿನ ಸುಗಟೂರಿನ ಕಡೆಯ ಕಂಪನಿ ಬಸ್ಸು ಕೋಲಾರದಿಂದ ಹೊರಡುವಾಗ ಮುಂದಿನ ಸೀಟಿನಲ್ಲಿ ಗಡಿಯಾರ ನೋಡುತ್ತ ಕೂತಿದ್ದೆ. ಚಾಲಕ ಬಾಷಾ ನನ್ನನ್ನು ಕಂಡು ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡ. ಸುಗಟೂರಿಗೆ ಸರಿಯಾಗಿ ಐದು ಇಪ್ಪತ್ತು, ನನಗೆ ಹೆಮ್ಮೆಯಾಯಿತು. ಮೂವರು ಹತ್ತಿ ಕೂತಲ್ಲೇ ತಲೆ ವಾಲಿಸಿದರು. ಡೇರಿಯ ಬಾಗಿಲು ಮುಚ್ಚಿತ್ತು. ಅಲ್ಲಿಂದ ಹೋಳೂರು. ಅಲ್ಲಿಯವರನ್ನು ಹತ್ತಿಸಿಕೊಂಡು ಬಾಷಾ ಬಸ್ಸು ತಿರುಗಿಸಿದ. ಹತ್ತು ಹದಿನೈದು ನಿಮಿಷಕ್ಕೆ ನೋಡುತ್ತೇನೆ, ಮತ್ತೆ ಅದೇ ಸುಗಟೂರು. ಡೇರಿಯಲ್ಲಿ ದೀಪ, ಕ್ಯಾನುಗಳ ಸದ್ದು. ರಸ್ತೆ ಪಕ್ಕದಲ್ಲಿ ಖಾಲಿ ಕ್ಯಾನು ಹಿಡಿದ ರತ್ನಮ್ಮ.

"ಬಾಷಾ, ದಿನಾ ಹೀಗೇ ವಾಪಸ್ ಬರ್ತೀಯಾ?"

"ಹೋಳೂರಿಂದ ಬರಕ್ಕೆ ಇದೇ ದಾರಿ ಸಾರ್. ಬೇರೆ ಎಲ್ಲಿಂದ ಬರ್ಲಿ?"

"ಮತ್ತೆ ಅವಳನ್ನ ಹತ್ತಿಸಿಕೊಳ್ಳೋದಕ್ಕೇನು?"

"ಒಂದು ಊರಲ್ಲಿ ಒಂದೇ ಸಲ ನಿಲ್ಸಬೇಕು ಅಂತ ನೀವೇ ಬರ್ದು ಕೊಟ್ಟಿದ್ದೀರಲ್ಲ ಸಾರ್. ಪಾಪ, ಕೈ ತೋರಿಸ್ತಾಳೆ. ನಾನು ಮುಖ ಆ ಕಡೆ ಮಾಡ್ಕೊಂಡು ಹೋಗ್ತೀನಿ."

"ಮೊದಲೇ ಹೇಳಬಾರದಿತ್ತಾ?"

"ಎರಡು ಸಲ ಹೇಳಿದೆ. ಬರ್ದು ಕೊಡು ಅಂದ್ರಿ. ನಂಗೆ ಕನ್ನಡ ಮಾತಾಡಕ್ಕೆ ಬರ್ತದೆ, ಬರಿಯಕ್ಕೆ ಬರಲ್ಲ." ಅಷ್ಟರಲ್ಲಿ ಬಸ್ಸು ಅವಳ ಹತ್ತಿರ ಬಂದಿತ್ತು. "ಈಗ ಏನ್ ಮಾಡ್ಲಿ ಸಾರ್, ಬೇಗ ಹೇಳಿ."

"ನಿಲ್ಸಪ್ಪ."

ಕ್ಯಾನಿನ ಸಮೇತ ಹತ್ತಿದ ರತ್ನಮ್ಮ ನನ್ನನ್ನು ಕಂಡು ಮೆಟ್ಟಿಲ ಮೇಲೇ ನಿಂತಳು. ಹಿಂದಿನಿಂದ ಯಾರೋ, "ಬಾರೇ, ಇವತ್ತು ಸಾರ್ ಕೈಲಿ ಟೀ ಇಲ್ಲ, ಭಯ ಬೀಳ್ಬೇಡ," ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಬಾಷಾ ನಗು ತಡೆಯಲು ಸುಮ್ಮನೆ ಹಾರನ್ ಒತ್ತಿದ.

ಏಳಕ್ಕೆ ಎಂಟು ನಿಮಿಷವಿರುವಾಗ ಗೇಟು ಮುಟ್ಟಿದೆವು. ಮೇಜಿನ ಮೇಲಿದ್ದ ಕಾಗದ ಹರಿದೆ. ಸುಗಟೂರಿನವರನ್ನು ಬಸ್ಸು ಹಿಂದಿರುಗುವಾಗ ಹತ್ತಿಸಿಕೊಳ್ಳಬೇಕೆಂದು ಹೊಸ ವೇಳಾಪಟ್ಟಿ ಬರೆದೆ. ಒಂದು ಸಾಲಿನ ಬದಲಾವಣೆ. ಆ ಊರಿನ ನಾಲ್ವರಿಗೂ ಬೆಳಗಿನ ನಿದ್ದೆ ಅಷ್ಟು ಉಳಿಯಿತು.

ರತ್ನಮ್ಮ ನನಗೆ ಥ್ಯಾಂಕ್ಸ್ ಹೇಳಲಿಲ್ಲ. ಒಂದೆರಡು ದಿನ ಕಾದೆ, ನಿಮ್ಮಲ್ಲಿ ಮುಚ್ಚಿಡುವುದೇನು. ಹೇಳಿದ್ದರೆ ನನ್ನ ಸೇವೆಯ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆನೋ ಏನೋ. ನಿಧಾನವಾಗಿ ಅರ್ಥವಾಯಿತು, ಹೇಳುವಂಥದ್ದು ಏನೂ ಇರಲಿಲ್ಲ. ನಾನು ಅವಳಿಗೆ ಏನನ್ನೂ ಕೊಟ್ಟಿರಲಿಲ್ಲ. ಅವಳಿಂದ ಕಿತ್ತುಕೊಂಡಿದ್ದನ್ನು ವಾಪಸ್ ಇಟ್ಟಿದ್ದೆ, ಅಷ್ಟೆ. ಸೋಮವಾರದ ಟೀ ನಿಲ್ಲಿಸಿದೆ. ಬದಲಿಗೆ ತಿಂಗಳಿಗೊಮ್ಮೆ ಒಂದೊಂದು ಬಸ್ಸು ಹತ್ತಿ ಕೂರುತ್ತಿದ್ದೆ, ಗಡಿಯಾರವನ್ನು ಜೇಬಿನಲ್ಲಿಟ್ಟು.

ನಿವೃತ್ತನಾದ ಮೇಲೆ ಕೋಲಾರದ ನಮ್ಮ ಬೀದಿಯವರು ನೀರಿನ ಟ್ಯಾಂಕರಿನ ಸರದಿ ಬರೆಯುವ ಕೆಲಸ ನನಗೆ ಕೊಟ್ಟಿದ್ದಾರೆ. ಹಿಂದಿನ ನಾನಾಗಿದ್ದರೆ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದೆ. ಈ ಸಲ ಮನೆಮನೆಗೆ ಹೋಗಿ ಕೇಳಿದೆ. ಕೊನೆಯ ಮನೆಯ ಹೊಲಿಗೆ ಕೆಲಸದ ಹೆಣ್ಣುಮಗಳು ಮಿಷನ್ ನಿಲ್ಲಿಸಿ, "ನಮಗೆ ಯಾವಾಗ ಅನುಕೂಲ ಅಂತ ಇದುವರೆಗೂ ಯಾರೂ ಕೇಳಿರ್ಲಿಲ್ಲ ಸಾರ್. ಯೋಚನೆ ಮಾಡಿ ಹೇಳ್ತೀನಿ, ಅರ್ಜೆಂಟ್ ಮಾಡ್ಬೇಡಿ," ಎಂದಳು.

ಮೂರು ದಿನವಾಯಿತು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದಿನ ಜಾಗ ಇನ್ನೂ ಖಾಲಿಯಿದೆ. ಖಾಲಿ ಜಾಗ ಕಂಡರೆ ನನ್ನ ಕೈ ತುರಿಸುತ್ತದೆ. ಆದರೂ ಪೆನ್ನಿನ ಮುಚ್ಚಳ ತೆಗೆದಿಲ್ಲ.