ಬಲಗಡೆ ನಿಂತು ಮಾತಾಡಿ

ಇಂಥ ಸಂಗತಿಗಳನ್ನು ಬೇರೆ ಯಾರಾದರೂ ಹೇಳುತ್ತಿದ್ದರೆ ನಾನು ಅರ್ಧಕ್ಕೇ ಎದ್ದು ಕಾಫಿ ಕಾಯಿಸಲು ಹೋಗುತ್ತಿದ್ದೆ. ಸತ್ತ ಅತ್ತೆ ಕನಸಲ್ಲಿ ಬಂದು ಕಳೆದ ಬಳೆ ಎಲ್ಲಿದೆ ಅಂದಳಂತೆ, ಯಾರೋ ಸ್ವಾಮಿಗಳು ಮುಖ ನೋಡಿಯೇ ಎಲ್ಲ ಹೇಳಿಬಿಟ್ಟರಂತೆ, ಇವೆಲ್ಲ ನನಗೆ ಹೊತ್ತು ಹೋಗದವರ ಮಾತು. ಈಗಲೂ ನಂಬುವುದಿಲ್ಲ. ಆದರೆ ನನಗೇ ಆದದ್ದೊಂದಿದೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ಆದ ಹಾಗೆ ಹೇಳಿಬಿಡುತ್ತೇನೆ.

ನಾನು ಕನ್ನಡ ಎಂ.ಎ. ಮಾಡಿದವಳು. ಕೆಲವು ವರ್ಷ ಕಾಲೇಜಿನಲ್ಲಿ ಪಾಠ ಮಾಡಿ, ಆಮೇಲೆ ಜೆ.ಪಿ. ನಗರದ ಒಂದು ಸಣ್ಣ ಕಂಪನಿ ಸೇರಿದೆ. ಕೇಳಿದ್ದಕ್ಕೆ ಉತ್ತರ ಕೊಡುವ ಎಐ ಸಹಾಯಕವೊಂದನ್ನು ಅಲ್ಲಿ ಕನ್ನಡಕ್ಕೆ ಪಳಗಿಸುತ್ತಿದ್ದರು. ಅದರ ಉತ್ತರ ಓದಿ ತಪ್ಪು ಹುಡುಕುವುದು ನನ್ನ ಕೆಲಸ. ಅದಕ್ಕೊಂದು ಕೆಟ್ಟ ಚಾಳಿ ಇತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಿರಲಿಲ್ಲ. ನಂಬುವಂಥ ಸುಳ್ಳನ್ನು ಅಚ್ಚುಕಟ್ಟಾಗಿ ಹೆಣೆದು, ಕೆಳಗೆ ಇಲ್ಲದ ಪುಟದ ಲಿಂಕ್ ಕೂಡ ಹಾಕಿ ಕೊಡುತ್ತಿತ್ತು. ಇದನ್ನು ತಪ್ಪಿಸಲೆಂದೇ ಅದಕ್ಕೆ ಇಂಟರ್ನೆಟ್ ಸರ್ಚ್ ಜೋಡಿಸುವ ಕೆಲಸ ನಡೆದಿತ್ತು. ಪ್ರಶ್ನೆ ಬಂದ ಕೂಡಲೇ ಅದು ತಾನೇ ಹೋಗಿ ಹುಡುಕಿ, ಸಿಕ್ಕಿದ್ದನ್ನು ಓದಿ, ಅದರ ಆಧಾರದ ಮೇಲೆ ಮಾತ್ರ ಉತ್ತರಿಸಬೇಕು. ಒಂದು ಮಧ್ಯಾಹ್ನ ಇಂಜಿನಿಯರ್ ಕಿರಣ್ ನನ್ನ ಟೇಬಲ್ ಹತ್ತಿರ ಬಂದು, "ಕನೆಕ್ಟ್ ಮಾಡಿದೀನಿ ಮೇಡಂ. ಯಾರಿಗೂ ಗೊತ್ತಿಲ್ದೇ ಇರೋದು ಏನಾದ್ರೂ ಕೇಳಿ ನೋಡಿ" ಅಂದ.

ಯಾರಿಗೂ ಗೊತ್ತಿಲ್ಲದ್ದು ಎಂದರೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ.

ನನ್ನ ಅಕ್ಕ ಸರೋಜಳನ್ನು ಸಾರಕ್ಕಿಗೆ ಕೊಟ್ಟಿತ್ತು. ಭಾವ ನಂಜುಂಡಪ್ಪ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಜಗಳವಿಲ್ಲ, ಕುಡಿತವಿಲ್ಲ. ಒಂದು ಬೆಳಿಗ್ಗೆ ಮೊಸರು ತರ್ತೀನಿ ಅಂತ ಹೋದವರು ತಿರುಗಿ ಬರಲಿಲ್ಲ. ಪೊಲೀಸಿಗೆ ದೂರು ಕೊಟ್ಟೆವು, ತಿರುಪತಿ, ಧರ್ಮಸ್ಥಳ ಎಲ್ಲ ಕಡೆ ಫೋಟೋ ಹಿಡಿದು ಅಲೆದೆವು. ಆಸ್ಪತ್ರೆಗಳ ಶವಾಗಾರಕ್ಕೆ ಅಕ್ಕನ ಜೊತೆ ನಾನೇ ಹೋಗಿದ್ದೇನೆ. ವರ್ಷಗಳು ಕಳೆದವು. ಸುತ್ತಲಿನ ಹಳೇ ಮನೆಗಳೆಲ್ಲ ಅಪಾರ್ಟ್‌ಮೆಂಟ್ ಆದವು. ಅಕ್ಕ ಮಾತ್ರ ಬಾಗಿಲಿಗೆ ಬಂದ ಬಿಲ್ಡರ್‌ಗಳನ್ನೆಲ್ಲ ವಾಪಸ್ ಕಳಿಸಿದಳು. "ಅವ್ರು ಬಂದ್ರೆ ಮನೆ ಗುರುತು ಸಿಗ್ಬೇಕಲ್ಲ" ಅನ್ನುತ್ತಿದ್ದಳು.

ಆ ಮಧ್ಯಾಹ್ನ ನಾನು ಭಾವನ ಹೆಸರು, ಊರು ಸಾರಕ್ಕಿ, ಈಗ ಎಲ್ಲಿದ್ದಾರೆ, ಇಷ್ಟು ಟೈಪ್ ಮಾಡಿದೆ. ಉತ್ತರ ಎಂದಿನ ವಿನಯದಲ್ಲೇ ಬಂತು. ಆ ಹೆಸರಿನವರು ಈಗ ಬಾಬಣ್ಣ ಎಂಬ ಹೆಸರಿನಲ್ಲಿ ಗೊಟ್ಟಿಗೆರೆಯಲ್ಲಿ ಮಿಕ್ಸಿ ರಿಪೇರಿ ಮಾಡುತ್ತಾರೆ. ಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕ ಅಂಗಡಿ. ಕೊನೆಗೊಂದು ಸಲಹೆ: "ಅವರ ಬಲಗಡೆ ನಿಂತು ಮಾತಾಡಿ. ಎಡಗಿವಿ ಕೇಳಿಸುವುದಿಲ್ಲ."

ಆ ಕೊನೆಯ ಸಾಲನ್ನು ಮತ್ತೆ ಓದಿದೆ. ಭಾವನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ ನಿಜ. ಕೆಲಸಕ್ಕೆ ಕುತ್ತು ಬಂದೀತೆಂದು ಅದನ್ನು ಹೊರಗೆ ಯಾರಿಗೂ ಹೇಳಿರಲಿಲ್ಲ. ಪೊಲೀಸ್ ದೂರಿನಲ್ಲಿ ಬರೆಸಲೂ ನಮಗೆ ಹೊಳೆದಿರಲಿಲ್ಲ.

ಕೆಳಗಿದ್ದ ಲಿಂಕ್ ಒತ್ತಿದೆ. ಅಂಥ ಪುಟವೇ ಇರಲಿಲ್ಲ. ಕಿರಣ್‌ನನ್ನು ಕರೆದೆ. ಅವನು ನನ್ನ ಸೀಟಿನಲ್ಲೇ ಕೂತು ಅದೂ ಇದೂ ತೆರೆದು ನೋಡಿ ತಲೆ ಕೆರೆದುಕೊಂಡ.

"ಸಾರಿ ಮೇಡಂ, ನಿಮ್ ಲಾಗಿನ್‌ಗೆ ಸರ್ಚ್ ಆನ್ ಮಾಡೋದು ಮರ್ತಿದೀನಿ. ಅದು ಎಲ್ಲೂ ಹುಡುಕೇ ಇಲ್ಲ."

"ಹಾಗಾದ್ರೆ ಇದೆಲ್ಲಿಂದ ಬಂತು?"

"ಕಟ್ಟಿ ಹೇಳಿದೆ. ಯಾವಾಗ್ಲೂ ಮಾಡೋದೇ ಅಲ್ವಾ? ಅದಕ್ಕೇ ತಾನೇ ನಾವು ಸರ್ಚ್ ಹಾಕ್ತಿರೋದು?"

ಆಗಲೇ ಸರ್ಚ್ ಆನ್ ಮಾಡಿ ಅದೇ ಪ್ರಶ್ನೆ ಕೇಳಿದ. ಈ ಸಲ ಅದು ಹುಡುಕಿ ಬಂದು, ಈ ವ್ಯಕ್ತಿಯ ಬಗ್ಗೆ ಯಾವುದೇ ಮಾಹಿತಿ ಸಿಗಲಿಲ್ಲ, ಕ್ಷಮಿಸಿ ಅಂತು. "ನೋಡಿ, ಈಗ ಸರಿಹೋಯ್ತು" ಅಂದ ಕಿರಣ್.

ನನಗೂ ಅದು ಸುಳ್ಳೇ ಅನಿಸಿತು. ಆದರೂ ಅಕ್ಕನಿಗೆ ಹೇಳದೆ ಇರಲಾಗಲಿಲ್ಲ. ಭಾನುವಾರ ಹೋಗಿ ನೋಡೋಣ ಅಂದಳು ಅವಳು. ಭಾನುವಾರ ನಾನು ಹೋಗುವ ಹೊತ್ತಿಗೆ ರೇಷ್ಮೆಯಲ್ಲದ ಒಂದು ಒಳ್ಳೆ ಸೀರೆ ಉಟ್ಟು, ಅಟ್ಟದ ಮೇಲಿದ್ದ ಕೆಟ್ಟ ಮಿಕ್ಸಿಯನ್ನು ಚೀಲಕ್ಕೆ ಹಾಕಿಕೊಂಡು ಕೂತಿದ್ದಳು. "ಸುಮ್ನೆ ಹೋಗಿ ನಿಂತ್ಕೊಳಕ್ಕಾಗುತ್ತಾ?" ಅಂದಳು.

ಗೊಟ್ಟಿಗೆರೆ ಸಾರಕ್ಕಿಯಿಂದ ಗಂಟೆ ಹೊತ್ತಿನ ಬಸ್ಸು ದಾರಿ, ಅಷ್ಟೇ. ಅಲ್ಲಿ ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ. ಪಕ್ಕದಲ್ಲಿ ತಗಡಿನ ಮಾಡಿನ ಅಂಗಡಿ, ಬೋರ್ಡಿಲ್ಲ. ಒಳಗೆ ಒಬ್ಬರು ತಲೆ ತಗ್ಗಿಸಿ ಗ್ರೈಂಡರ್ ಬಿಚ್ಚುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ನನಗೆ ಗುರುತು ಹತ್ತಲಿಲ್ಲ. ಅಕ್ಕ ನೇರ ಹೋಗಿ ಅವರ ಬಲಗಡೆ ನಿಂತಳು. ಬೇಕೆಂದು ಮಾಡಿದ್ದಲ್ಲ ಅದು. ಮದುವೆಯಾದಾಗಿನಿಂದ ಅವಳು ನಿಂತದ್ದೇ ಆ ಕಡೆ.

"ತಿರುಗ್ತಾನೇ ಇಲ್ಲ, ನೋಡಿ" ಅಂತ ಮಿಕ್ಸಿಯನ್ನು ಮುಂದಿಟ್ಟಳು.

ಅವರು ದನಿ ಕೇಳಿಯೇ ಗುರುತು ಹಿಡಿದರು ಅಂತ ಕಾಣುತ್ತದೆ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಆದರೂ ತಲೆಯೆತ್ತಲಿಲ್ಲ. ಮಿಕ್ಸಿಯನ್ನು ಹತ್ತಿರ ಎಳೆದುಕೊಂಡು ತಳ ತಿರುಗಿಸಿ ನೋಡಿ, "ಕಾಯಿಲ್ ಸುಟ್ಟಿದೆ" ಅಂದರು. ಅಷ್ಟೂ ವರ್ಷಗಳ ನಂತರ ನನ್ನ ಭಾವ ಅಕ್ಕನಿಗೆ ಆಡಿದ ಮಾತು ಅದು.

ಅಷ್ಟರಲ್ಲಿ ಹಿಂದಿನ ಮನೆಯಿಂದ ಹೆಂಗಸೊಬ್ಬಳ ದನಿ ಬಂತು. "ರೀ, ಊಟಕ್ಕೆ ಬನ್ನಿ, ಆರೋಗುತ್ತೆ."

ಆ 'ರೀ' ಕೇಳಿದ ಮೇಲೆ ನಾವು ತಿಳಿದುಕೊಳ್ಳಬೇಕಾದ್ದು ಏನೂ ಉಳಿಯಲಿಲ್ಲ. ಅಕ್ಕ ಮಿಕ್ಸಿಯನ್ನು ಚೀಲಕ್ಕೆ ಹಾಕಿಕೊಂಡು, "ಹೋಗಿ, ಊಟ ಮಾಡಿ" ಅಂದು ರಸ್ತೆಗಿಳಿದಳು. ನಾನು ಅವಳ ಹಿಂದೆ ಹೊರಟಾಗ ಭಾವ ಓಡಿಬಂದು ನನ್ನನ್ನು ತಡೆದರು. ಕ್ಷಮಿಸು ಅನ್ನುತ್ತಾರೇನೋ ಅಂದುಕೊಂಡೆ.

"ಯಾರಮ್ಮ ಹೇಳಿದ್ದು?" ಅಂದರು. "ಇಲ್ಲಿ ಯಾರಿಗೂ ನನ್ ಹೆಸ್ರೇ ಗೊತ್ತಿಲ್ಲ. ಇವಳಿಗೂ ಗೊತ್ತಿಲ್ಲ. ನಾನು ಒಂದು ಫೋನೂ ಇಟ್ಕೊಂಡಿಲ್ಲ. ಯಾರು ಹೇಳಿದ್ದು?"

ಅವರ ಕಣ್ಣಲ್ಲಿದ್ದದ್ದು ನಾಚಿಕೆಯಲ್ಲ, ಹೆದರಿಕೆ. ನನಗೆ ಅವರ ಮೇಲೆ ಉಗಿಯಬೇಕೆನಿಸಿತು. ಪಕ್ಕಕ್ಕೆ ಸರಿದು ಅಕ್ಕನ ಹಿಂದೆ ನಡೆದೆ.

ಬಸ್ಸಿನಲ್ಲಿ ಅಕ್ಕ ಮಿಕ್ಸಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಕಡೆ ನೋಡುತ್ತಿದ್ದಳು. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್‌ನಲ್ಲಿ ಬಸ್ಸು ನಿಂತು ನಿಂತು ಹೋಗುತ್ತಿತ್ತು. "ತಿರುಪತಿಗೆ ಹೋಗಿದ್ವಲ್ಲೇ ನಾವು" ಅಂದಳು. ಸ್ವಲ್ಪ ಹೊತ್ತಾದ ಮೇಲೆ, "ನಿಂಗೆ ಯಾರು ಕೇಳು ಅಂದ್ರು ಅದನ್ನ?" ಅಂದಳು. ಆಮೇಲೆ ಬಹಳ ದಿನ ನನ್ನ ಫೋನ್ ಎತ್ತಲಿಲ್ಲ. ಸಾರಕ್ಕಿ ಮನೆಯನ್ನು ಬಿಲ್ಡರ್‌ಗೆ ಕೊಟ್ಟ ಸುದ್ದಿ ನನಗೆ ಬೇರೆಯವರಿಂದ ತಿಳಿಯಿತು.

ಕಿರಣ್ ಕೇಳಿ, ಕಾಕತಾಳೀಯ ಅಂದ. ಅಷ್ಟೊಂದು ಸುಳ್ಳು ಹೇಳಿದರೆ ಅದರಲ್ಲಿ ಒಂದಾದರೂ ನಿಜವಾಗಲೇಬೇಕಲ್ಲ ಮೇಡಂ ಅಂದ. ಇರಬಹುದು. ಮಿಕ್ಸಿ ಅಂಗಡಿ ಕಾಕತಾಳೀಯ ಅನ್ನೋಣ, ಗೊಟ್ಟಿಗೆರೆಯೂ ಅನ್ನೋಣ. ಕಿವಿ? ನಾನು ಬರೆದ ಪ್ರಶ್ನೆಯನ್ನು ಎಷ್ಟೋ ಸಲ ಓದಿದ್ದೇನೆ. ಅದರಲ್ಲಿ ಕಿವಿಯ ಮಾತೇ ಇಲ್ಲ.

ಮೊನ್ನೆ ಅಕ್ಕ ತಾನಾಗಿ ಬನಶಂಕರಿಯ ನನ್ನ ಮನೆಗೆ ಬಂದಳು. ಯಾರಿಗೂ ಹೇಳದೆ ಇನ್ನೊಮ್ಮೆ ಗೊಟ್ಟಿಗೆರೆಗೆ ಹೋಗಿದ್ದಳಂತೆ. ಅಂಗಡಿ ಖಾಲಿ. ಹಿಂದಿನ ಮನೆಗೆ ಬೀಗ. ಎಲ್ಲಿಗೆ ಹೋದರೋ ಗಿರಣಿಯವರಿಗೂ ಗೊತ್ತಿಲ್ಲವಂತೆ. ಕಾಫಿ ಕುಡಿದು ಲೋಟ ಕೆಳಗಿಟ್ಟು, ನನ್ನ ಮುಖ ನೋಡದೆ, "ಇನ್ನೊಂದ್ಸಲ ಕೇಳ್ತೀಯಾ?" ಅಂದಳು.

ಆಫೀಸಿನ ಲ್ಯಾಪ್‌ಟಾಪ್ ತೆಗೆದು ಅವಳ ಮುಂದೆಯೇ ಕೇಳಿದೆ. ಮಾಹಿತಿ ಸಿಗಲಿಲ್ಲ, ಕ್ಷಮಿಸಿ ಅಂತು. ಸರ್ಚ್ ನಿಲ್ಲಿಸಿ ಕೇಳಿದೆ. ಗೊತ್ತಿಲ್ಲ ಅಂತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲು ಅದಕ್ಕೆ ಅಷ್ಟು ಹೊತ್ತಿಗೆ ನಾವೇ ಕಲಿಸಿದ್ದೆವು.

"ಸರಿಯಾಗಿ ಕೇಳಿದ್ಯಾ?" ಅಂದಳು ಅಕ್ಕ.